ಮೇಷ್ಟ್ರು ತಮ್ಮ ಓಟಿಪಿ ನನಗ್ಯಾಕೆ ಹೇಳ್ಬೇಕು? ವೆಬ್‌ಸೈಟ್ ಕಟ್ಟೋರಿಗೂ ಕಟ್ಟಿಸೋರಿಗೂ ಒಂದು ಬಹಿರಂಗ ಪತ್ರ

ಗೆ,
ಬೆಂಗಳೂರಲ್ಲಿ ಕೂತು ನಾವೆಲ್ಲ ದಿನಾ ಬಳಸೋ ವೆಬ್‌ಸೈಟ್ ಕಟ್ಟೋ ಡೆವಲಪರ್, ಡಿಸೈನರ್‌ಗಳಿಗೆ, ಮತ್ತೆ ಅದಕ್ಕೆ ಟೆಂಡರ್ ಕರೆದು ಬಿಲ್ ಪಾಸ್ ಮಾಡೋ ಅಧಿಕಾರಿಗಳಿಗೆ.

ವಿಷಯ: ಹೊಸ ಹೊಸ ವೆಬ್‌ಸೈಟ್‌ಗಳಲ್ಲಿ ಕಣ್ಣು ಕಾಣದವರು, ವಯಸ್ಸಾದವರು ತಾವೇ ಅರ್ಜಿ ಹಾಕೋಕೆ ಆಗದೇ ಇರೋ ಬಗ್ಗೆ.

ಮಾನ್ಯರೇ,

ನಾನು ಅರಸೀಕೆರೆಯಲ್ಲಿ ಸೈಬರ್ ಸೆಂಟರ್ ಇಟ್ಕೊಂಡು 16 ವರ್ಷ ಆಯ್ತು. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು, ಒಂದು ಲ್ಯಾಮಿನೇಷನ್ ಮಷೀನು, ಇಷ್ಟೇ ನನ್ನ ಅಂಗಡಿ. ಜಾತಿ ಆದಾಯ ಪ್ರಮಾಣಪತ್ರ, ಪಹಣಿ, ಸ್ಕಾಲರ್‌ಶಿಪ್ಪು, ಪಾನ್ ಕಾರ್ಡು, ಪಿಂಚಣಿಯವರ ಜೀವನ ಪ್ರಮಾಣ, ರೈಲ್ವೆ ಟಿಕೆಟ್ಟು, ಎಲ್ಲದಕ್ಕೂ ಜನ ನಮ್ಮಂಥೋರ ಹತ್ರನೇ ಬರೋದು. ನೀವು ಕಟ್ಟೋ ವೆಬ್‌ಸೈಟನ್ನ ನೀವು ಒಂದು ಸಲ ಟೆಸ್ಟ್ ಮಾಡಿ ಬಿಟ್ಬಿಡ್ತೀರೇನೋ, ನಾನು ದಿನಕ್ಕೆ ನಲವತ್ತು ಸಲ ತುಂಬ್ತೀನಿ, ಹಂಗಾಗಿ ಅದರ ಬಗ್ಗೆ ನಾಲ್ಕು ಮಾತಾಡೋಕೆ ನನಗೂ ಅರ್ಹತೆ ಇದೆ ಅಂದ್ಕೊಂಡು ಇದನ್ನ ಬರೀತಿದ್ದೀನಿ.

ಹೋದ ತಿಂಗಳು ನಡೆದದ್ದು ಹೇಳ್ತೀನಿ. ನಮ್ಮೂರಲ್ಲಿ ಒಬ್ಬರು ಹೈಸ್ಕೂಲ್ ಮೇಷ್ಟ್ರಿದ್ದಾರೆ, ಹುಟ್ಟಿನಿಂದ ಕಣ್ಣು ಕಾಣಲ್ಲ. ಸಮಾಜ ವಿಜ್ಞಾನ ಪಾಠ ಮಾಡ್ತಾರೆ, ನನ್ನ ತಮ್ಮನೂ ಅವರ ಸ್ಟೂಡೆಂಟೇ. ಅವರ ಹತ್ರ ಸ್ವಂತ ಲ್ಯಾಪ್‌ಟಾಪ್ ಇದೆ, ಅದರಲ್ಲಿ ಎನ್‌ವಿಡಿಎ ಅಂತ ಸ್ಕ್ರೀನ್ ರೀಡರ್ ಹಾಕ್ಕೊಂಡಿದ್ದಾರೆ. ಸ್ಕ್ರೀನ್ ಮೇಲೆ ಏನಿದೆ ಅಂತ ಓದಿ ಹೇಳೋ ಸಾಫ್ಟ್‌ವೇರ್ ಅದು, ಆಸ್ಟ್ರೇಲಿಯಾದಲ್ಲಿ ಕಣ್ಣು ಕಾಣದ ಇಬ್ಬರು ಹುಡುಗರು ಕಟ್ಟಿದ್ದು, 2006ರಲ್ಲಿ ಶುರುವಾಯ್ತು, ಪೂರ್ತಿ ಫ್ರೀ, ಕನ್ನಡನೂ ಓದತ್ತೆ. ಮೇಷ್ಟ್ರು ಮೌಸ್ ಮುಟ್ಟಲ್ಲ, ಟ್ಯಾಬ್ ಕೀ, ಆರೋ ಕೀ, ಎಂಟರ್ ಇಷ್ಟರಲ್ಲೇ ಎಲ್ಲ ಮಾಡ್ತಾರೆ. ಪ್ರಶ್ನೆ ಪತ್ರಿಕೆ ಟೈಪ್ ಮಾಡ್ತಾರೆ, ಬ್ಯಾಂಕ್ ನೋಡ್ಕೋತಾರೆ, ಪೇಪರ್ ಓದ್ತಾರೆ. ಮಗಳ ಸ್ಕಾಲರ್‌ಶಿಪ್ ಅರ್ಜಿನೂ ಮೊದಲೆಲ್ಲ ತಾವೇ ಹಾಕ್ತಿದ್ರು. ಆ ಸೈಟ್ ನೋಡೋಕೆ ಹಳೇ ಕಾಲದ್ದು, ಬಿಳಿ ಪೇಜು, ಉದ್ದಕ್ಕೆ ಪೆಟ್ಟಿಗೆಗಳು, ಕೆಳಗೆ ಒಂದು ಸಬ್ಮಿಟ್ ಬಟನ್ನು ಅಷ್ಟೇ, ಆದ್ರೆ ಮೇಷ್ಟ್ರು ಅರ್ಧ ಗಂಟೆಯಲ್ಲಿ ಮುಗಿಸಿ ನನ್ನ ಅಂಗಡಿಗೆ ಪ್ರಿಂಟ್ ತಗೊಳ್ಳೋಕೆ ಮಾತ್ರ ಬರ್ತಿದ್ರು.

ಆ ಸೈಟ್ ಈ ವರ್ಷ ಹೊಸದಾಗಿದೆ. ಮೇಲೆ ಓಡೋ ಚಿತ್ರಗಳು, ಜಾರ್ಕೊಂಡು ಬರೋ ಮೆನು, ಒಂದೊಂದು ಹಂತಕ್ಕೂ ಒಂದೊಂದು ಬಣ್ಣ. ಮೇಷ್ಟ್ರು ಮೂರು ದಿನ ಮನೇಲಿ ಒದ್ದಾಡಿ, ನಾಲ್ಕನೇ ದಿನ ಸಾಯಂಕಾಲ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ನನ್ನ ಅಂಗಡಿಗೆ ಬಂದ್ರು. ನಾನು ಕೊಡಿ ಮೇಷ್ಟ್ರೇ ನಾನೇ ತುಂಬ್ತೀನಿ ಅಂದೆ. ತಡಿಯಪ್ಪಾ, ಮೊದಲು ನೀನೊಂದ್ಸಲ ಕೇಳಿಸ್ಕೋ ಅಂತ ಇಯರ್‌ಫೋನಿನ ಒಂದು ಕಡೆ ನನ್ನ ಕಿವಿಗೆ ಕೊಟ್ರು.

ಆ ವಾರದಲ್ಲಿ ಆ ಫಾರಂ ನಾನು ನೂರು ಸಲ ತುಂಬಿದ್ದೆ, ಯಾವ ಪೆಟ್ಟಿಗೆ ಎಲ್ಲಿದೆ ಅಂತ ಬಾಯಿಪಾಠ ಆಗಿತ್ತು. ಆದ್ರೆ ಕಿವಿಯಲ್ಲಿ ಕೇಳಿದ್ದು ಏನು ಗೊತ್ತಾ? ಮೇಷ್ಟ್ರು ಟ್ಯಾಬ್ ಒತ್ತಿದ್ರು, ಎಡಿಟ್ ಬ್ಲ್ಯಾಂಕ್ ಅಂತು. ಇನ್ನೊಂದ್ಸಲ ಒತ್ತಿದ್ರು, ಮತ್ತೆ ಎಡಿಟ್ ಬ್ಲ್ಯಾಂಕ್. ಅಂದ್ರೆ ಅಲ್ಲಿ ಬರೆಯೋಕೆ ಒಂದು ಖಾಲಿ ಪೆಟ್ಟಿಗೆ ಇದೆ, ಆದ್ರೆ ಅದು ಹೆಸರಿಗೋ, ತಂದೆ ಹೆಸರಿಗೋ, ಬ್ಯಾಂಕ್ ಖಾತೆ ನಂಬರಿಗೋ ಹೇಳೋರಿಲ್ಲ. ಮುಂದಕ್ಕೆ ಹೋದ್ರೆ ಕ್ಲಿಕಬಲ್, ಕ್ಲಿಕಬಲ್, ಕ್ಲಿಕಬಲ್ ಅಂತ ಮೂರು ಸಲ ಬಂತು. ಒಂದು ಕಡೆ ಬರೀ ಬಟನ್ ಅಂತು, ಯಾವ ಬಟನ್ನು ಅಂತ ಹೇಳಲಿಲ್ಲ. ಜಿಲ್ಲೆ ಆರಿಸ್ಕೊಳ್ಳೋ ಜಾಗಕ್ಕೆ ಟ್ಯಾಬ್ ಹೋಗೋದೇ ಇಲ್ಲ, ಅದರ ಮೇಲೆ ಹಾರಿ ಮುಂದಕ್ಕೆ ಹೋಗತ್ತೆ, ಮೌಸ್ ಇದ್ದೋರಿಗೆ ಮಾತ್ರ ಹಾಸನ ಜಿಲ್ಲೆ ಸಿಗೋದು. ನಾನು ಕಣ್ಣು ಮುಚ್ಕೊಂಡು ಕೇಳ್ತಾ ಕೂತೆ. ಬಾಯಿಪಾಠ ಆಗಿದ್ದ ಫಾರಮ್ಮಲ್ಲಿ ನಾನು ಎಲ್ಲಿದ್ದೀನಿ ಅಂತ ಎರಡು ನಿಮಿಷದಲ್ಲಿ ನನಗೇ ಗೊತ್ತಾಗ್ಲಿಲ್ಲ.

ಹೆಂಗೋ ಇಬ್ರೂ ಸೇರಿ ಕೊನೆ ತನಕ ಹೋದ್ವಿ. ಮೇಷ್ಟ್ರು ಸಬ್ಮಿಟ್ ಒತ್ತಿದ್ರು. ಕಿವಿಯಲ್ಲಿ ಏನೂ ಇಲ್ಲ, ಪೂರ್ತಿ ಮೌನ. ಆದ್ರೆ ಸ್ಕ್ರೀನ್ ಮೇಲೆ ಬಲಗಡೆ ಮೂಲೆಯಲ್ಲಿ ಒಂದು ಕೆಂಪು ಪೆಟ್ಟಿಗೆ ಬಂದು ಮೂರು ಸೆಕೆಂಡ್ ನಿಂತು ಮಾಯ ಆಯ್ತು. ಐಎಫ್‌ಎಸ್‌ಸಿ ತಪ್ಪಿದೆ ಅಂತ ಅದರಲ್ಲಿತ್ತು, ಕಣ್ಣಿರೋ ನನಗೇ ಎರಡನೇ ಸಲ ಒತ್ತಿದ ಮೇಲೆ ಓದೋಕಾಗಿದ್ದು. ಮೇಷ್ಟ್ರು ಹೇಳಿದ್ರು, ಮನೇಲಿ ಮೂರು ದಿನವೂ ಇದೇ ಜಾಗದಲ್ಲಿ ನಿಂತ್ಕೋತಿತ್ತು ಕಣಪ್ಪಾ, ಸರ್ವರ್ ಡೌನ್ ಇರ್ಬೇಕು ಅಂದ್ಕೊಂಡು ರಾತ್ರಿ ಹನ್ನೊಂದು ಗಂಟೆಗೆಲ್ಲ ಎದ್ದು ಟ್ರೈ ಮಾಡ್ದೆ ಅಂತ.

ಅದನ್ನ ಸರಿ ಮಾಡೋವಷ್ಟರಲ್ಲಿ ಸೆಷನ್ ಎಕ್ಸ್‌ಪೈರ್ಡ್. ಹತ್ತು ನಿಮಿಷ ಆಗಿತ್ತಂತೆ, ಎಚ್ಚರಿಕೆನೂ ಇಲ್ಲ, ಇನ್ನೊಂಚೂರು ಟೈಮ್ ಬೇಕಾ ಅಂತ ಕೇಳೋದೂ ಇಲ್ಲ, ಸೀದಾ ಲಾಗಿನ್ ಪೇಜಿಗೆ ಎತ್ತಿ ಒಗೀತು. ಅಲ್ಲಿ ಕ್ಯಾಪ್ಚಾ. ಸೊಟ್ಟ ಪಟ್ಟ ಅಕ್ಷರದ ಚಿತ್ರ, ಕೇಳಿಸ್ಕೊಳ್ಳೋ ಆಡಿಯೋ ಹಳೇ ಸೈಟಲ್ಲಿತ್ತು, ಹೊಸದ್ರಲ್ಲಿ ಕಿತ್ತಾಕಿದ್ದಾರೆ. ಇನ್ನು ಆಗಲ್ಲ ಅಂತ ಮೇಷ್ಟ್ರು ಲ್ಯಾಪ್‌ಟಾಪ್ ಮುಚ್ಚಿದ್ರು. ಆಮೇಲೆ ನನ್ನ ಕಂಪ್ಯೂಟರಲ್ಲಿ ನಾನೇ ತುಂಬಿದೆ. ಅವರ ಪಾಸ್‌ವರ್ಡ್, ಸಂಬಳ, ಖಾತೆ ನಂಬರ್, ಫೋನಿಗೆ ಬಂದ ಓಟಿಪಿ, ಎಲ್ಲಾನೂ ಅವರು ಬಾಯಲ್ಲಿ ಹೇಳ್ಬೇಕಾಯ್ತು, ಅಂಗಡಿಯಲ್ಲಿ ಇನ್ನೂ ಮೂರು ಜನ ಕೂತಿದ್ರು. ಪಾಸ್‌ವರ್ಡ್ ಹೇಳುವಾಗ ಮೇಷ್ಟ್ರು ದನಿ ಸಣ್ಣ ಮಾಡ್ಕೊಂಡ್ರು. ಮಕ್ಕಳಿಗೆ ಸಂವಿಧಾನದ ಪಾಠ ಹೇಳೋ ಮನುಷ್ಯ ಅವರು. ಓಟಿಪಿ ಯಾರಿಗೂ ಹೇಳ್ಬೇಡಿ ಅಂತ ನೀವೇ ಮೆಸೇಜ್ ಕಳಿಸ್ತೀರಿ, ಹೇಳದೇ ಇದ್ರೆ ಮಗಳಿಗೆ ಸ್ಕಾಲರ್‌ಶಿಪ್ ಇಲ್ಲ ಅನ್ನೋ ಹಂಗೂ ನೀವೇ ಮಾಡಿಟ್ಟಿದ್ದೀರಿ. ನನಗೆ 50 ರೂಪಾಯಿ ಕೊಟ್ಟು ಹೋದ್ರು, ಬೇಡ ಅಂದ್ರೂ ಕೇಳಲಿಲ್ಲ.

ಅವತ್ತು ರಾತ್ರಿ ನಾನು ಆ ಪೇಜನ್ನ ಇನ್ಸ್‌ಪೆಕ್ಟ್ ಮಾಡಿ ಒಳಗೆ ನೋಡಿದೆ. ನಾನೇನು ಇಂಜಿನಿಯರ್ ಅಲ್ಲ, ಡಿಪ್ಲೊಮಾ ಅರ್ಧಕ್ಕೆ ಬಿಟ್ಟೋನು, ಆದ್ರೆ ವೆಬ್ ಪೇಜ್ ಬರೆಯೋ ಭಾಷೆ ಎಚ್‌ಟಿಎಂಎಲ್ ಓದೋಕೆ ಬರತ್ತೆ. ಕಣ್ಣಿಗೆ ಬಟನ್ ಥರ ಕಾಣೋದ್ರಲ್ಲಿ ಹೆಚ್ಚಿನವು ಬಟನ್ನೇ ಅಲ್ಲ, ಡಿವ್, ಅಂದ್ರೆ ಏನು ಅಂತ ಗುರುತಿಲ್ಲದ ಬರೀ ಒಂದು ಡಬ್ಬಿ, ಮೇಲೆ ಬಣ್ಣ ಬಳಿದು ಕ್ಲಿಕ್ ಮಾಡಿದ್ರೆ ಜಾವಾಸ್ಕ್ರಿಪ್ಟ್ ಓಡೋ ಹಂಗೆ ಮಾಡಿರೋದು. ಪೆಟ್ಟಿಗೆಗಳ ಮೇಲೆ ಹೆಸರು ಬರೆದಿದೆ, ಆದ್ರೆ ಲೇಬಲ್ ಅನ್ನೋ ಟ್ಯಾಗಲ್ಲಿ ಪೆಟ್ಟಿಗೆಗೆ ಜೋಡಿಸಿಲ್ಲ, ಹಂಗಾಗಿ ಕಣ್ಣಿಗೆ ಮಾತ್ರ ಅದು ಹೆಸರು, ಸ್ಕ್ರೀನ್ ರೀಡರಿಗೆ ಅದು ಎಲ್ಲೋ ಬಿದ್ದಿರೋ ಒಂದು ಪದ. ಬಟನ್ನಿಗೆ ಬಟನ್ ಟ್ಯಾಗು, ಪೆಟ್ಟಿಗೆಗೆ ಲೇಬಲ್ ಟ್ಯಾಗು ಎಚ್‌ಟಿಎಂಎಲ್ 4ರಲ್ಲಿ, 1997ರಲ್ಲೇ ಬಂದಿವೆ. ಅದನ್ನ ಬಳಸಿದ್ರೆ ಕೀಬೋರ್ಡಲ್ಲಿ ಒತ್ತೋದು, ಹೆಸರು ಓದೋದು ಎಲ್ಲ ಬ್ರೌಸರೇ ನೋಡ್ಕೊಳತ್ತೆ, ನೀವು ಒಂದು ಲೈನ್ ಜಾಸ್ತಿ ಬರೆಯೋದೂ ಬೇಡ. ಆ ಕೆಂಪು ಪೆಟ್ಟಿಗೆಗೆ ಇದು ಅಲರ್ಟ್ ಅಂತ ಒಂದು ರೋಲ್ ಕೊಟ್ಟಿದ್ರೆ ಎನ್‌ವಿಡಿಎ ತಾನೇ ಓದಿ ಹೇಳ್ತಿತ್ತು, ಮೇಷ್ಟ್ರು ಮೊದಲನೇ ದಿನವೇ ಐಎಫ್‌ಎಸ್‌ಸಿ ಸರಿ ಮಾಡ್ಕೋತಿದ್ರು. ಒಂದೇ ಒಂದು ಪದ ಕಣ್ರೀ, ಅದಿಲ್ಲದೇ ಮೂರು ದಿನ ಹೋಯ್ತು.

ಇದು ಬರೀ ಕಣ್ಣು ಕಾಣದೋರ ಕಥೆ ಅಂತ ಪಕ್ಕಕ್ಕಿಡಬೇಡಿ. ಹುಟ್ಟಿದ ದಿನಾಂಕ ಹಾಕೋಕೆ ಕ್ಯಾಲೆಂಡರ್ ಕೊಡ್ತೀರಲ್ಲ, ಅದರಲ್ಲಿ ಟೈಪ್ ಮಾಡೋಕೆ ಬಿಡಲ್ಲ, ತಿಂಗಳಿಗೊಂದು ಕ್ಲಿಕ್ ಮಾಡ್ಕೊಂಡು ಹಿಂದಕ್ಕೆ ಹೋಗ್ಬೇಕು. 1961ರಲ್ಲಿ ಹುಟ್ಟಿದ ರೈತ ತನ್ನ ಮೊಬೈಲಲ್ಲಿ ಏಳುನೂರಕ್ಕೂ ಹೆಚ್ಚು ಸಲ ಒತ್ತಬೇಕು. ಮೇಲೆ ವರ್ಷದ ಮೇಲೆ ಒತ್ತಿದ್ರೆ ಬೇಗ ಹೋಗತ್ತೆ ಅನ್ನೋದು ನನಗೆ ಗೊತ್ತು, ಅವರಿಗೆ ಯಾರು ಹೇಳ್ಬೇಕು, ಅದು ಒತ್ತೋ ಜಾಗ ಅಂತ ಕಾಣೋದೇ ಇಲ್ವಲ್ಲ. ಬೂದಿ ಬಣ್ಣದ ಪೇಜಿನ ಮೇಲೆ ಇನ್ನೊಂಚೂರು ಗಾಢ ಬೂದಿ ಬಣ್ಣದ ಸಣ್ಣ ಅಕ್ಷರ, ಪೊರೆ ಬಂದಿರೋ ಅಜ್ಜಿಗೆ ಅದು ಖಾಲಿ ಪೇಜು. ವೆಬ್‌ಎಐಎಂ ಅನ್ನೋ ಸಂಸ್ಥೆ ಪ್ರತಿ ವರ್ಷ 10 ಲಕ್ಷ ವೆಬ್‌ಸೈಟ್‌ಗಳ ಮೊದಲ ಪೇಜ್ ಪರೀಕ್ಷೆ ಮಾಡತ್ತೆ, 2025ರಲ್ಲಿ 94.8 ಪರ್ಸೆಂಟ್ ಪೇಜಲ್ಲಿ ತಪ್ಪು ಸಿಕ್ಕಿದೆ, ಅದ್ರಲ್ಲಿ ಎಲ್ಲಕ್ಕಿಂತ ಜಾಸ್ತಿ ಇದೇ ಮಂಕು ಅಕ್ಷರದ ತಪ್ಪು, 79 ಪರ್ಸೆಂಟ್ ಪೇಜಲ್ಲಿ. ಇಡೀ ಪ್ರಪಂಚದ್ದೇ ಈ ಹಣೆಬರಹ ಅಂತ ನೀವು ಅಂದ್ರೆ ನಿಜಾನೇ, ಆದ್ರೆ ನಮ್ಮೂರ ಅಜ್ಜಿಗೆ ಅದನ್ನ ಹೇಳಿ ಕಳಿಸೋಕಾಗಲ್ಲ.

ಹೊಸದೆಲ್ಲ ಕೆಟ್ಟದ್ದು, ಹಳೇದಕ್ಕೇ ವಾಪಸ್ ಹೋಗಿ ಅಂತ ನಾನು ಹೇಳ್ತಿಲ್ಲ. ಜಾತಿ ಆದಾಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಹಾಕಿದ ತಕ್ಷಣ ಜಾತಿ ಆದಾಯದ ವಿವರ ತಾನೇ ಬಂದು ಕೂರತ್ತಲ್ಲ, ಅದು ಎಷ್ಟು ಜನರ ಅಲೆದಾಟ ತಪ್ಪಿಸಿದೆ ಅಂತ ನಾನು ಕಣ್ಣಾರೆ ಕಂಡಿದ್ದೀನಿ. ಪೇಜ್ ರಿಫ್ರೆಶ್ ಆಗದೇ ಕೆಲಸ ಆಗೋದು ಒಳ್ಳೇದೇ. ಆದ್ರೆ ವಿವರ ಬಂದು ಕೂತಿದೆ ಅಂತ ಮೇಷ್ಟ್ರಿಗೂ ಗೊತ್ತಾಗ್ಬೇಕಲ್ವಾ? ಪೇಜಲ್ಲಿ ಏನಾದ್ರೂ ಬದಲಾದ್ರೆ ಅದನ್ನ ದನಿಯಲ್ಲೂ ತಿಳಿಸೋ ದಾರಿ ಇದೆ, ನಿಮ್ಮಲ್ಲಿ ಓದಿದೋರಿಗೆ ಅದು ಗೊತ್ತೇ ಇದೆ.

ನಮ್ಮ ಕನ್ನಡದ್ದೇ ಇನ್ನೊಂದು ಗೋಳು ಇದೆ, ಇದನ್ನ ಹೊರಗಿನೋರು ಯಾರೂ ನಮಗೆ ಸರಿ ಮಾಡಿಕೊಡಲ್ಲ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಆದೇಶಗಳು ಪಿಡಿಎಫ್ ಆಗಿ ಇವತ್ತಿಗೂ ಸಿಗ್ತಾವೆ. ಕಣ್ಣಿಗೆ ಚೆಂದದ ಕನ್ನಡ, ಒಳಗಿರೋದು ಇಂಗ್ಲಿಷ್ ಅಕ್ಷರ ಮತ್ತೆ ಏನೇನೋ ಗುರುತುಗಳು. ಕರ್ನಾಟಕ ಅನ್ನೋ ಪದದ ಒಳಗೆ ಪೌಂಡ್ ಗುರುತು ಕೂತಿರತ್ತೆ. ಮೇಷ್ಟ್ರು ಅದನ್ನ ಓದಿಸಿದ್ರೆ ಪಿ, ಎ, ಪೌಂಡ್ ಅಂತ ಶುರುವಾಗತ್ತೆ, ಒಂದು ಪದವೂ ಅರ್ಥ ಆಗಲ್ಲ. ಅದಕ್ಕಿಂತ ಕೆಟ್ಟದ್ದು ಸ್ಕ್ಯಾನ್ ಮಾಡಿ ಹಾಕೋದು, ಅದು ಬರೀ ಫೋಟೋ, ಅದನ್ನ ತೆಗೆದ್ರೆ ಎಂಪ್ಟಿ ಡಾಕ್ಯುಮೆಂಟ್ ಅಂದು ಸುಮ್ನಾಗತ್ತೆ. ಇನ್ನು ಪೂರ್ತಿ ಯುನಿಕೋಡ್ ಕನ್ನಡದಲ್ಲಿರೋ ಪೇಜಿಗೂ ಒಳಗೆ ಭಾಷೆ ಇಂಗ್ಲಿಷ್ ಅಂತ ಬರೆದಿರ್ತಾರೆ, ಆಗ ಮೊಬೈಲು ಇಂಗ್ಲಿಷ್ ದನಿಯಲ್ಲಿ ಕನ್ನಡ ಓದೋಕೆ ಹೋಗಿ ಎಡವತ್ತೆ. ಅಲ್ಲಿ ಇಎನ್ ಅಂತ ಇರೋದನ್ನ ಕೆಎನ್ ಅಂತ ಮಾಡಿ ಅಂತಷ್ಟೇ ನಾನು ಕೇಳ್ತಿರೋದು, ಎರಡಕ್ಷರ.

ಕಾನೂನಿನ ಮಾತು ಮೇಷ್ಟ್ರು ನನಗೆ ಹೇಳಿಕೊಟ್ಟಿದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ ಸೇವೆ ಕೊಡೋರು, ಸರ್ಕಾರಿ ಆಗ್ಲಿ ಖಾಸಗಿ ಆಗ್ಲಿ, ನಿಯಮ ಬಂದ 2 ವರ್ಷದೊಳಗೆ ತಮ್ಮ ಸೇವೆ ಎಲ್ಲರಿಗೂ ಸಿಗೋ ಹಂಗೆ ಮಾಡ್ಬೇಕಿತ್ತು. ನಿಯಮ ಬಂದಿದ್ದು 2017ರ ಜೂನಲ್ಲಿ, ಗಡುವು ಮುಗಿದು ಎಷ್ಟು ವರ್ಷ ಆಯ್ತು ನೀವೇ ಲೆಕ್ಕ ಹಾಕಿ. ಸರ್ಕಾರಿ ವೆಬ್‌ಸೈಟ್ ಹೆಂಗಿರಬೇಕು ಅಂತ ಜಿಐಜಿಡಬ್ಲ್ಯೂ ಮಾರ್ಗಸೂಚಿ 2009ರಿಂದಲೇ ಇದೆ, ಮೂರನೇ ಆವೃತ್ತಿ 2023ರಲ್ಲಿ ಬಂತು. ಮಾರ್ಗಸೂಚಿ ಅಂದ್ರೆ ಬೇಕಾದ್ರೆ ಮಾಡು ಬೇಡದಿದ್ರೆ ಬಿಡು ಅನ್ನೋ ಹಂಗಾಗಿದೆ ಅಂತ ಜನ ಸುಪ್ರೀಂ ಕೋರ್ಟಿಗೆ ಹೋದ್ರು, ರಾಜೀವ್ ರಾತೂರಿ ಪ್ರಕರಣದಲ್ಲಿ 2024ರ ನವೆಂಬರ್‌ನಲ್ಲಿ ಕೋರ್ಟು ಹಂಗೆ ಬಿಡೋಕಾಗಲ್ಲ, ಕಡ್ಡಾಯದ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳ್ತು. ಆಮೇಲೆ 2025ರ ಏಪ್ರಿಲ್ 30ಕ್ಕೆ ಇನ್ನೊಂದು ತೀರ್ಪು. ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಕಳ್ಕೊಂಡ ಒಬ್ಬ ಹೆಣ್ಣುಮಗಳಿಗೆ ಬ್ಯಾಂಕ್ ಖಾತೆ ತೆಗೆಯುವಾಗ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂದ್ರಂತೆ. ಆ ಕೇಸಲ್ಲಿ ಕೋರ್ಟು ಡಿಜಿಟಲ್ ಸೇವೆ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿ 20 ನಿರ್ದೇಶನ ಕೊಟ್ಟಿದೆ. ನಾನು ಪ್ರತಿ ನವೆಂಬರಲ್ಲಿ ಜೀವನ ಪ್ರಮಾಣಕ್ಕೆ ಪಿಂಚಣಿ ತಾತಂದಿರನ್ನ ಮೊಬೈಲ್ ಮುಂದೆ ಕೂರಿಸಿ ಕಣ್ಣು ಮಿಟುಕಿಸಿ ತಾತಾ, ಇನ್ನೊಂದ್ಸಲ ಮಿಟುಕಿಸಿ ಅಂತ ಕೂಗ್ತಾ ಇರ್ತೀನಿ, ಹಂಗಾಗಿ ಆ ಸುದ್ದಿ ಕೇಳಿದಾಗ ನನಗೆ ಬೇರೆಯವರ ವಿಷಯ ಅನ್ನಿಸ್ಲೇ ಇಲ್ಲ.

2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ರು. ವಯಸ್ಸಾಗಿ ಕೈ ನಡುಗೋರು, ಕಣ್ಣು ಮಂಜಾಗಿರೋರು ಎಷ್ಟೋ ಜನ ಆ ಲೆಕ್ಕಕ್ಕೆ ಬಂದಿರಲಿಕ್ಕಿಲ್ಲ.

ಡೆವಲಪರ್ ಗೆಳೆಯರೇ, ನಿಮಗೆ ಬರಲ್ಲ ಅಂತ ನಾನು ಒಪ್ಪಲ್ಲ. ಯುರೋಪಲ್ಲಿ ಅಕ್ಸೆಸಿಬಿಲಿಟಿ ಕಾಯ್ದೆ, ಅಂದ್ರೆ ವಿಕಲಚೇತನರಿಗೂ ಬಳಸೋಕಾಗೋ ಹಂಗಿರಬೇಕು ಅನ್ನೋ ಕಾಯ್ದೆ, 2025ರ ಜೂನ್ 28ರಿಂದ ಜಾರಿಗೆ ಬಂತು, ಅಲ್ಲಿನ ಕಸ್ಟಮರ್‌ಗಳ ಕೆಲಸ ಬೆಂಗಳೂರಲ್ಲೇ ಎಷ್ಟೋ ಆಫೀಸಲ್ಲಿ ಆಗತ್ತೆ, ನನ್ನ ಭಾವಮೈದುನನೂ ಅಂಥದ್ದೇ ಕಡೆ ಇದ್ದಾನೆ. ಕೀಬೋರ್ಡಲ್ಲಿ ಓಡಲಿಲ್ಲ ಅಂದ್ರೆ ನಮ್ಮ ಕೋಡ್ ಮುಂದಕ್ಕೇ ಹೋಗಲ್ಲ ಭಾವಾ ಅಂತಾನೆ. ಜರ್ಮನಿಯ ಅಜ್ಜಿಗೆ ಮಾಡಿಕೊಡೋಕೆ ಬರೋದು ಜಾವಗಲ್‌ನ ಅಜ್ಜಿಗೆ ಯಾಕೆ ಬರಲ್ಲ? ನಿಮ್ಮ ಮೇಲೆ ಡೆಡ್‌ಲೈನ್ ಇರತ್ತೆ, ಮ್ಯಾನೇಜರ್ ಕೇಳಿದ್ದು ಡೆಮೋದಲ್ಲಿ ಚೆನ್ನಾಗಿ ಕಾಣೋದು, ಟೆಂಡರಲ್ಲಿ ಈ ಮಾತೇ ಇರಲ್ಲ, ಇದೆಲ್ಲ ಆ ಭಾವಮೈದುನ ಹೇಳಿದ್ದಾನೆ. ಅದಕ್ಕೇ ಈ ಪತ್ರ ನಿಮ್ಮೊಬ್ಬರಿಗೇ ಬರೀದೆ ಅಧಿಕಾರಿಗಳಿಗೂ ಸೇರಿಸಿ ಬರೀತಿರೋದು.

ಅಧಿಕಾರಿಗಳಲ್ಲಿ ನನ್ನ ವಿನಂತಿ ಇದು. ಕೊನೇ ಬಿಲ್‌ಗೆ ಸಹಿ ಹಾಕೋ ಮುಂಚೆ ಕಣ್ಣು ಕಾಣದ ಒಬ್ಬರನ್ನ, ಅರವತ್ತು ದಾಟಿದ ಒಬ್ಬರನ್ನ ಕೂರಿಸಿ, ಅವರಿಗೆ ಅವತ್ತಿನ ಸಂಬಳ ಕೊಟ್ಟು, ಯಾರ ಸಹಾಯನೂ ಇಲ್ಲದೇ ಅರ್ಜಿ ಮೊದಲಿಂದ ಕೊನೆವರೆಗೂ ಹಾಕಿಸಿ ನೋಡಿ. ಅವರ ಕೈಲಿ ಆಗಲಿಲ್ಲ ಅಂದ್ರೆ ಬಿಲ್ ತಡೀರಿ. ಈ ಷರತ್ತು ಟೆಂಡರಲ್ಲೇ ಬರೀರಿ. ಮೂಲೆಯಲ್ಲಿ ಒಂದು ವೀಲ್‌ಚೇರ್ ಚಿತ್ರದ ಬಟನ್ ಹಾಕಿ, ಅದನ್ನೊತ್ತಿದ್ರೆ ಅಕ್ಷರ ದೊಡ್ಡದಾಗತ್ತೆ, ಬಣ್ಣ ಬದಲಾಗತ್ತೆ ಅಂತ ತೋರಿಸಿದ್ರೆ ನಂಬಬೇಡಿ. ಕೆಳಗೆ ಡಿವ್ ಡಿವ್ವೇ ಆಗಿರತ್ತೆ, ಹೆಸರಿಲ್ಲದ ಪೆಟ್ಟಿಗೆಗೆ ಹೆಸರು ಬರಲ್ಲ. ಇಂಥ ಬಟನ್ ಹಾಕಿದ್ರೆ ಯಾವ ವೆಬ್‌ಸೈಟಾದ್ರೂ ತಾನೇ ಸರಿ ಹೋಗತ್ತೆ ಅಂತ ಹೇಳಿ ಮಾರಿದ ಒಂದು ಕಂಪನಿ 10 ಲಕ್ಷ ಡಾಲರ್ ಕಟ್ಟಬೇಕು ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಹೇಳಿದೆ.

ಕಟ್ಟೋರಲ್ಲಿ ನನ್ನ ವಿನಂತಿ, ಬಟನ್ನಿಗೆ ಬಟನ್ನೇ ಬಳಸಿ, ಪ್ರತಿ ಪೆಟ್ಟಿಗೆಗೂ ಲೇಬಲ್ ಜೋಡಿಸಿ, ದಿನಾಂಕ ಟೈಪ್ ಮಾಡೋಕೆ ಬಿಡಿ, ತಪ್ಪು ಎಲ್ಲಾಗಿದೆಯೋ ಅಲ್ಲೇ ಬರೆದು ತೋರಿಸಿ, ಸರಿ ಮಾಡೋ ತನಕ ಅದು ಅಲ್ಲೇ ಇರಲಿ. ಟೈಮ್ ಮುಗೀತಿದೆ ಅಂದ್ರೆ ಮೊದಲೇ ಹೇಳಿ. ವೆಬ್‌ಸೈಟ್ ವಿಕಲಚೇತನರಿಗೂ ಬಳಸೋಕಾಗಬೇಕು ಅನ್ನೋ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯೂಸಿಎಜಿಯಲ್ಲಿ ಕೇಳಿರೋದೇ ಮುಗಿಯೋ ಮುಂಚೆ ಕನಿಷ್ಠ 20 ಸೆಕೆಂಡ್ ಕೊಟ್ಟು, ಒಂದು ಕೀ ಒತ್ತಿದ್ರೆ ಮುಂದುವರೆಯೋ ಹಂಗಿರಲಿ ಅಂತ. ತುಂಬಿದಷ್ಟು ಸೇವ್ ಆಗಿರಲಿ. ಕ್ಯಾಪ್ಚಾಗೆ ಬೇರೆ ದಾರಿ ಕೊಡಿ. ಮತ್ತೆ ಒಂದು ಫೋನ್ ನಂಬರ್ ಕೊಡಿ, ಅದನ್ನ ಎತ್ತೋರು ಇರಲಿ, ಮೇಷ್ಟ್ರು ಕಳಿಸಿದ ಎರಡು ಇಮೇಲಿಗೂ ಇವತ್ತಿನವರೆಗೆ ಉತ್ತರ ಬಂದಿಲ್ಲ.

ಇಷ್ಟೆಲ್ಲ ಸರಿ ಹೋದ್ರೆ ನಿನ್ನ ಗಿರಾಕಿ ಕಮ್ಮಿ ಆಗಲ್ವಾ ಅಂತ ನನ್ನ ಹೆಂಡತಿನೇ ಕೇಳಿದ್ಲು. ಆಗ್ತಾರೆ. ಕಂಪ್ಯೂಟರ್ ಇಲ್ಲದೋರು, ಓದೋಕೆ ಬರದೋರು ಬಂದೇ ಬರ್ತಾರೆ, ಅವರ ಕೆಲಸ ಮಾಡಿ ಬದುಕ್ತೀನಿ. ತನ್ನ ಕೆಲಸ ತಾನೇ ಮಾಡ್ಕೊಳ್ಳೋಕೆ ಬರೋ ಮನುಷ್ಯನ ಪಾಸ್‌ವರ್ಡ್ ಕೇಳಿ 50 ರೂಪಾಯಿ ಇಸ್ಕೊಳ್ಳೋ ಸಂಪಾದನೆ ನನಗೆ ಬೇಡ.

ಮೇಷ್ಟ್ರ ಮಗಳು ಈಗ ಫಸ್ಟ್ ಪಿಯುಸಿ, ಮೈಸೂರಲ್ಲಿ ಹಾಸ್ಟೆಲ್‌ನಲ್ಲಿದ್ದಾಳೆ. ಬರೋ ವರ್ಷ ಇದೇ ಅರ್ಜಿ ರಿನ್ಯೂವಲ್‌ಗೆ ಬರತ್ತೆ, ಅಲ್ಲಿಗೆ ನಿಮಗೆ ಹತ್ತಿರ ಹತ್ತಿರ ಒಂದು ವರ್ಷ ಟೈಮ್ ಇದೆ. ನಡುವೆ ನಿಮ್ಮಲ್ಲಿ ಯಾರಾದ್ರೂ ಬಂದು ನೋಡ್ತೀವಿ ಅಂದ್ರೆ ಮೇಷ್ಟ್ರನ್ನ ಕೇಳಿಟ್ಟಿದ್ದೀನಿ, ಸ್ಕೂಲ್ ಬಿಟ್ಟ ಮೇಲೆ ಸಾಯಂಕಾಲ 5 ಗಂಟೆ ನಂತರ ಯಾವತ್ತಾದ್ರೂ ಸರಿ, ಲ್ಯಾಪ್‌ಟಾಪ್ ತಗೊಂಡು ಬರ್ತೀನಿ ಅಂದಿದ್ದಾರೆ. ಇಯರ್‌ಫೋನಿನ ಇನ್ನೊಂದು ಕಡೆ ನಿಮಗೆ ಕೊಡ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಸೈಬರ್ ಸೆಂಟರ್‌ನವನು, ಅರಸೀಕೆರೆ